ಚೈನು ಚೆನ್ನಾಗಿದ್ದರೆ ಸೈಕಲ್ ಸಲೀಸು: ಲಷ್ಕರ್ ಮೊಹಲ್ಲಾದ ಸವಾರರಿಗೆ ಹತ್ತು ಸೂತ್ರಗಳು

ಬೆಳಗಿನ ಜಾವ ಮೈಸೂರಿನ ಅಶೋಕ ರಸ್ತೆಯಲ್ಲಿ ನಿಂತು ನೋಡಿ. ಪೇಪರ್ ಹಾಕುವ ಹುಡುಗರು, ಹಾಲು ತಲುಪಿಸುವವರು, ಅಂಗಡಿ ಬಾಗಿಲು ತೆಗೆಯಲು ಹೊರಟವರು ಸೇಂಟ್ ಫಿಲೋಮಿನಾ ಚರ್ಚಿನ ಮುಂದೆ ಸೈಕಲ್ ತುಳಿಯುತ್ತಾ ಹೋಗುತ್ತಾರೆ. ಲಷ್ಕರ್ ಮೊಹಲ್ಲಾದ ಕಿರಿದಾದ ಬೀದಿಗಳಿಗೆ ಸೈಕಲ್ಲಿನಷ್ಟು ಒಗ್ಗುವ ವಾಹನ ಇನ್ನೊಂದಿಲ್ಲ. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ಶುರು ಮಾಡಿದ ಊರು ನಮ್ಮದು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚತೊಡಗಿದ ಮೇಲೆ, ಸೈಕಲ್ಲೇ ಇಲ್ಲದಿದ್ದ ಮನೆಗಳಿಗೂ ಅದು ಬಂತು.

ಟೈರು ಪಂಕ್ಚರ್ ಆದರೆ ತಕ್ಷಣ ಗೊತ್ತಾಗುತ್ತದೆ. ಚೈನು ಹಾಗಲ್ಲ, ದಿನದಿನವೂ ಸ್ವಲ್ಪಸ್ವಲ್ಪ ಸವೆದು ಕಾಲಿನ ಶಕ್ತಿಯನ್ನು ತಿನ್ನುತ್ತದೆ. ಚೈನನ್ನು ಉಳಿಸಿಕೊಳ್ಳಲು ದುಬಾರಿ ಸಾಮಾನು ಬೇಡ. ಈ ಹತ್ತು ಸೂತ್ರ ಸಾಕು.

1. ಎಣ್ಣೆ ಎಲ್ಲಿಗೆ ಹೋಗಬೇಕೆಂದು ತಿಳಿಯಿರಿ.
ನಾವಿಂದು ಬಳಸುವ ರೋಲರ್ ಚೈನನ್ನು ಮ್ಯಾಂಚೆಸ್ಟರ್‌ನಲ್ಲಿ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದರು. ಎರಡು ಬದಿಗೆ ಪಟ್ಟಿ, ನಡುವೆ ಪಿನ್ನು, ಅದರ ಸುತ್ತ ತಿರುಗುವ ರೋಲರ್. ಅರ್ಧ ಇಂಚಿಗೊಂದು ಪಿನ್ನು ಬರುತ್ತದೆ. ಲೋಹಕ್ಕೆ ಲೋಹ ಉಜ್ಜುವುದು ಈ ಪಿನ್ನಿನ ಸುತ್ತ. ಎಣ್ಣೆ ಬೇಕಾದದ್ದು ಅಲ್ಲಿಗೇ. ಪಟ್ಟಿಯ ಮೇಲೆ ಹೊಳೆಯುವ ಎಣ್ಣೆಯಿಂದ ಧೂಳು ಅಂಟುವುದೇ ಹೊರತು ಬೇರೆ ಪ್ರಯೋಜನವಿಲ್ಲ.

2. ಮೊದಲು ಬಟ್ಟೆ, ಆಮೇಲೆ ಎಣ್ಣೆ.
ಹಳೆಯ ಮಸಿಯ ಮೇಲೆ ಹೊಸ ಎಣ್ಣೆ ಬಿಟ್ಟರೆ ಧೂಳೂ ಎಣ್ಣೆಯೊಂದಿಗೆ ಒಳಗಿಳಿದು ಉಜ್ಜುಕಾಗದದಂತೆ ಪಿನ್ನನ್ನು ಸವೆಸುತ್ತದೆ. ಹಳೆಯ ಬನಿಯನ್ ತುಂಡೊಂದನ್ನು ಚೈನಿನ ಕೆಳಸಾಲಿನ ನಡುವೆ ಹಿಡಿದು ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬೆರಳು, ಬಟ್ಟೆಯ ತುದಿ, ದುಪಟ್ಟಾ ಯಾವುದೂ ಚಕ್ರದ ಹಲ್ಲಿನ ಹತ್ತಿರ ಹೋಗಕೂಡದು.

3. ಕಿಟ್ಟ ಕಟ್ಟಿದ್ದರೆ ಮಾತ್ರ ತೊಳೆಯಿರಿ.
ಹಳೆಯ ಟೂತ್‌ಬ್ರಷ್ಷನ್ನು ಸ್ವಲ್ಪ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಅದ್ದಿ ರೋಲರ್ ರೋಲರನ್ನೂ ಉಜ್ಜಿ. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಅದರ ಆವಿಗೆ ಕಿಡಿ ತಗುಲಿದರೆ ಅನಾಹುತ. ಕೆಲಸ ಅಂಗಳದಲ್ಲೇ ನಡೆಯಲಿ, ಅಡುಗೆಮನೆಯ ಪಕ್ಕದಲ್ಲಲ್ಲ. ಕೊಳೆಯಾದ ಸೀಮೆಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಬಾಟಲಿಯಲ್ಲಿಡಿ. ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿ ಮುಂದಿನ ಸಲಕ್ಕೆ ಬರುತ್ತದೆ.

4. ಫ್ರೀವೀಲ್ ಮತ್ತು ಬ್ರೇಕನ್ನು ಕಾಪಾಡಿ.
ಸೀಮೆಎಣ್ಣೆ ಫ್ರೀವೀಲ್ ಒಳಗೆ ಹರಿದರೆ ಅಲ್ಲಿನ ಎಣ್ಣೆಯೂ ತೊಳೆದುಹೋಗುತ್ತದೆ. ಆದ್ದರಿಂದ ಸುರಿಯಬೇಡಿ, ಬ್ರಷ್ಷಿನಿಂದ ಹಚ್ಚಿ. ರಿಮ್ಮಿನ ಮೇಲೋ ಡಿಸ್ಕ್ ಬ್ರೇಕಿನ ಮೇಲೋ ಒಂದು ಹನಿ ಎಣ್ಣೆ ಬಿದ್ದರೂ ಬ್ರೇಕು ಹಿಡಿಯುವುದಿಲ್ಲ. ಹಿಂದಿನ ಚಕ್ರಕ್ಕೆ ಹಳೆಯ ಪೇಪರ್ ಅಡ್ಡ ಹಿಡಿದೇ ಕೆಲಸ ಶುರುಮಾಡಿ.

5. ಪೂರ್ತಿ ಒಣಗಲು ಬಿಡಿ.
ಚೈನಿನೊಳಗೆ ನೀರು ಅಥವಾ ಸೀಮೆಎಣ್ಣೆ ಉಳಿದಿದ್ದರೆ ಹೊಸ ಎಣ್ಣೆ ತೆಳ್ಳಗಾಗಿ ಜಾರಿಹೋಗುತ್ತದೆ. ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ಮುಂದುವರಿಯಿರಿ.

6. ಸರಿಯಾದ ಎಣ್ಣೆ ಆರಿಸಿ.
ಸೈಕಲ್ ಚೈನಿನದೇ ಎಣ್ಣೆ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಆಗಬಹುದು. ಅದು ತೆಳು, ಬೇಗ ಒಳಗಿಳಿಯುತ್ತದೆ, ಬೇಗ ಆರಿಯೂ ಹೋಗುತ್ತದೆ. ಹಾಗಾಗಿ ಹೆಚ್ಚು ಸಲ ಹಾಕಬೇಕು. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಯ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟುತ್ತದೆ, ಮೈಸೂರಿನ ಮಾಗಿಯ ಬೆಳಗುಗಳೋ ಅದಕ್ಕಿಂತ ತಣ್ಣಗಿರುತ್ತವೆ. ಅಡುಗೆ ಎಣ್ಣೆ ಗಾಳಿಗೆ ಅಂಟಾಗುತ್ತದೆ. ಗ್ರೀಸು ಹೊರಗೇ ನಿಂತು ಧೂಳು ಹಿಡಿಯುತ್ತದೆ. ಬೈಕಿನಿಂದ ತೆಗೆದ ಹಳೆಯ ಎಂಜಿನ್ ಆಯಿಲ್‌ನಲ್ಲಿ ಆಗಲೇ ಮಸಿಯೂ ಲೋಹದ ಪುಡಿಯೂ ಸೇರಿರುತ್ತವೆ.

7. ಒಂದು ರೋಲರಿಗೆ ಒಂದೇ ಹನಿ.
ಚೈನಿನ ಎರಡು ತುದಿ ಜೋಡಿಸುವ ಲಾಕ್ ಎಲ್ಲಿದೆ ನೋಡಿಕೊಳ್ಳಿ, ಅದೇ ನಿಮ್ಮ ಗುರುತು. ಅಲ್ಲಿಂದ ಶುರುಮಾಡಿ, ಕೆಳಸಾಲಿನ ಒಳಮೈಗೆ, ಅಂದರೆ ಹಲ್ಲಿಗೆ ಕೂರುವ ಬದಿಗೆ, ಪ್ರತಿ ರೋಲರಿಗೂ ಒಂದೊಂದು ಹನಿ ಬಿಡಿ. ಹನಿ ರೋಲರ್ ಮೇಲೆ ಕ್ಷಣ ಹೊತ್ತು ದುಂಡಗೆ ನಿಲ್ಲುತ್ತದೆ. ಪೆಡಲ್ ಮೆಲ್ಲಗೆ ತಿರುಗಿದಂತೆ ಪಟ್ಟಿಯ ಸಂದಿನಲ್ಲಿ ಇಂಗಿಹೋಗುತ್ತದೆ. ಇಂಗಿತೆಂದರೆ ಪಿನ್ನು ಮುಟ್ಟಿತೆಂದೇ ಅರ್ಥ. ಲಾಕ್ ಮತ್ತೆ ಕಣ್ಣಿಗೆ ಬಿದ್ದೊಡನೆ ನಿಲ್ಲಿಸಿ. ಎರಡನೇ ಸುತ್ತು ಬೇಡ.

8. ಹಾಕಿದ ಎಣ್ಣೆಯನ್ನು ಒರೆಸಿ.
ಅನೇಕರು ಬಿಟ್ಟುಬಿಡುವ ಹೆಜ್ಜೆ ಇದು, ಚೈನು ಬಾಳುವುದೂ ಇದರಿಂದಲೇ. ಎಣ್ಣೆ ಹಾಕಿ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಣಬಟ್ಟೆಯಿಂದ ಹೊರಮೈ ಪೂರ್ತಿ ಒರೆಸಿ. ಚೈನು ಮುಟ್ಟಿದರೆ ಬೆರಳಿಗೆ ತೆಳುವಾದ ಪಸೆ ಮಾತ್ರ ಹತ್ತಬೇಕು.

9. ಬಿಗಿ, ಲಾಕ್, ಉದ್ದ ಮೂರನ್ನೂ ನೋಡಿ.
ಗೇರಿಲ್ಲದ ಸೈಕಲ್ಲಿನಲ್ಲಿ ಚೈನಿನ ಸಾಲಿನ ನಡುವೆ ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಆಡಬೇಕು. ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ, ತೆರೆದ ತುದಿ ಹಿಂದಕ್ಕಿರಲಿ. ಇಲ್ಲವಾದರೆ ಎಲ್ಲಾದರೂ ತಗುಲಿ ಕಳಚಬಹುದು. ಉದ್ದ ನೋಡಲು ಸ್ಟೀಲ್ ಟೇಪು ಸಾಕು. ಮೊದಲ ಪಿನ್ನಿನ ನಡುವನ್ನು ಸೊನ್ನೆಗೆ ಹಿಡಿದರೆ ಹೊಸ ಚೈನಿನಲ್ಲಿ 25ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ. ಗೇರ್ ಸೈಕಲ್ಲಿನಲ್ಲಿ ಅದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ. ಸಾದಾ ಸೈಕಲ್ಲಿಗೆ ಎಂಟನೇ ಒಂದು ಭಾಗದವರೆಗೂ ಕಾಯಬಹುದು. ಅದನ್ನೂ ದಾಟಿದರೆ ಸವೆದ ಚೈನು ಚಕ್ರದ ಹಲ್ಲನ್ನೂ ತಿನ್ನುತ್ತದೆ, ಆಗ ಖರ್ಚು ಎರಡೆರಡು.

10. ಆಯುಧಪೂಜೆಗೆ ಕಾಯಬೇಡಿ.
ವರ್ಷಕ್ಕೊಮ್ಮೆ ಸೈಕಲ್ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಡುವುದು ನಮ್ಮ ಪದ್ಧತಿ. ಆದರೆ ಆ ದಿನ ಬಕೆಟ್ಟುಗಟ್ಟಲೆ ಸುರಿದ ನೀರು ಚೈನಿನೊಳಗೇ ಉಳಿದರೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ತೊಳೆದ ದಿನವೇ ಒರೆಸಿ, ಒಣಗಿಸಿ, ಎಣ್ಣೆ ಹಾಕಿ. ಮೈಸೂರಿನ ಜೋರುಮಳೆ ಮೇ ತಿಂಗಳಲ್ಲಿ ಒಮ್ಮೆ, ದಸರೆಯ ಆಸುಪಾಸಿನಲ್ಲಿ ಇನ್ನೊಮ್ಮೆ. ನೆನೆದು ಬಂದ ಸಂಜೆ ಮೊದಲು ಚೈನು ಒರೆಸಿ, ಆಮೇಲೆ ನಿಮ್ಮ ತಲೆ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಬಟ್ಟೆ, ಚೈನು ಕಿರುಗುಟ್ಟುವ ಮುನ್ನವೇ ಎಣ್ಣೆ. ದಿನವೂ ತುಳಿಯುವವರಿಗೆ ಹದಿನೈದು ದಿನಕ್ಕೊಮ್ಮೆ ಎಂದಿಟ್ಟುಕೊಳ್ಳಿ.

ಹತ್ತರ ಸಾರ ಇಷ್ಟೇ: ಬಟ್ಟೆ ಪದೇ ಪದೇ, ಎಣ್ಣೆ ಹಿತಮಿತ. ಚೆನ್ನಾಗಿ ನೋಡಿಕೊಂಡ ಚೈನು ನೀವು ತುಳಿದ ಶಕ್ತಿಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲನ್ನು ಚಕ್ರಕ್ಕೆ ತಲುಪಿಸುತ್ತದೆ. ಸೈಕಲ್ಲನ್ನೇ ನಂಬಿ ದುಡಿಯುವವರಿಗೆ ಇದು ದಿನದ ಕೊನೆಗೆ ಮೊಣಕಾಲಿನಲ್ಲೇ ತಿಳಿಯುತ್ತದೆ. ಈ ಭಾನುವಾರ ನಿಮ್ಮ ಚೈನು ಮುಗಿಸಿದ ಮೇಲೆ ಎದುರುಮನೆಯ ಹುಡುಗನನ್ನೂ ಕರೆಯಿರಿ. ಬಟ್ಟೆ ಅವನ ಕೈಗೆ ಕೊಡಿ, ಅವನ ಸೈಕಲ್ಲಿನ ಮೊದಲ ಹನಿಯನ್ನು ಅವನೇ ಬಿಡಲಿ.