ಆರನೇ ಕ್ಲಾಸಿನ ಆರು ಪುಸ್ತಕ, ಒಂದು ಬಾಟಲಿ ಮಳೆ

ಐದನೇ ತರಗತಿಯವರೆಗೆ ‘ಪರಿಸರ ಅಧ್ಯಯನ’ ಎಂಬ ಒಂದೇ ಪುಸ್ತಕ. ಕೆರೆಯ ಮೀನೂ ಅದರಲ್ಲೇ, ಕೆರೆ ಕಟ್ಟಿಸಿದ ರಾಜನೂ ಅದರಲ್ಲೇ. ಆರನೇ ತರಗತಿಗೆ ಕಾಲಿಟ್ಟ ಕೂಡಲೇ ಅದು ಎರಡು ಹೋಳಾಗುತ್ತದೆ. ಮೀನು ವಿಜ್ಞಾನಕ್ಕೆ ಹೋಯಿತು, ರಾಜ ಸಮಾಜ ವಿಜ್ಞಾನಕ್ಕೆ ಹೋದ. ಮೂರನೇ ಭಾಷೆಯೂ (ಬಹಳಷ್ಟು ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅದು ಹಿಂದಿ) ಆಗಲೇ ಬ್ಯಾಗಿಗೆ ಸೇರುತ್ತದೆ. ವಿಷಯಕ್ಕೊಂದು ನೋಟ್‌ಬುಕ್, ಪೀರಿಯಡ್ಡಿಗೊಬ್ಬ ಮೇಷ್ಟ್ರು. ವಿಜ್ಞಾನದ ಪಾಠದಲ್ಲಿ ದಶಮಾಂಶ ಬಂದರೆ ‘ಇದು ಮ್ಯಾಥ್ಸ್ ಅಲ್ವಾ ಸರ್?’ ಎನ್ನುವ ಮಕ್ಕಳನ್ನು ನಾನು ಕಂಡಿದ್ದೇನೆ. ತಪ್ಪು ಅವರದ್ದಲ್ಲ.

ಹೋಳಾದದ್ದನ್ನು ಮತ್ತೆ ಹೊಲಿಯಲು ಟ್ಯೂಷನ್ ಬೇಕಿಲ್ಲ. ಮಳೆಗಾಲದ ಒಂದು ತಿಂಗಳು, ಖಾಲಿ ನೀರಿನ ಬಾಟಲಿ, ಒಂದು ಸ್ಕೇಲು ಇದ್ದರಾಯಿತು.

1. ಮೊದಲು ಪರಿವಿಡಿ ಓದಿ

ಒಂದು ಭಾನುವಾರ ಮಗುವಿನ ಎಲ್ಲ ಪುಸ್ತಕಗಳ ಪರಿವಿಡಿಯನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ನೋಡಿ. ಪುಸ್ತಕ ಶಾಲೆಯಲ್ಲೇ ಉಳಿದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಗಣಿತದಲ್ಲಿ ಆರನೇ ತರಗತಿಗೆ ದಶಮಾಂಶ, ಅನುಪಾತ, ದತ್ತಾಂಶ. ಏಳಕ್ಕೆ ಶೇಕಡಾ, ಸರಳ ಬಡ್ಡಿ. ಎಂಟರ ಹೊತ್ತಿಗೆ ಘನಫಲ. ಎಂಟರಲ್ಲಿ ಸಮಾಜ ವಿಜ್ಞಾನವೇ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಕವಲಾಗುತ್ತದೆ. ನೀರು, ಮಳೆ, ಕೆರೆ, ನದಿ ಎಂಬ ಪದ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಲು ಮಗುವಿಗೇ ಹೇಳಿ. ಪಾಠ ಮಾಡಲು ಹೋಗಬೇಡಿ.

2. ಮಳೆಮಾಪಕ ಮಾಡಿ

ಪಕ್ಕಗಳು ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ಆರಿಸಿ. ಮೇಲ್ಭಾಗವನ್ನು ಕತ್ತರಿಸಿ, ಮುಚ್ಚಳ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ಅದೇ ಬಾಟಲಿಯೊಳಗೆ ಕೂರಿಸಿ. ನೀರು ಬೇಗ ಆವಿಯಾಗದಂತೆ ಇದು ತಡೆಯುತ್ತದೆ. ಆವಿಯಾಗುವಿಕೆಯ ಪಾಠ ಆಗಲೇ ಶುರುವಾಯಿತು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದಲ್ಲ, ಅಲ್ಲಿಗೆ ಬೆಣಚುಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲೊಂದು ಗೆರೆ ಎಳೆದು ಸೊನ್ನೆ ಎಂದು ಬರೆಯಿರಿ. ಮೇಲಕ್ಕೆ ಸ್ಕೇಲಿನಿಂದ ಮಿಲಿಮೀಟರ್ ಗುರುತು ಹಾಕಿ. ಮರದ ಕೆಳಗೆ, ಸೂರಿನ ಅಂಚಿನಲ್ಲಿ ಇಡಬೇಡಿ. ಬಯಲಲ್ಲಿ, ಗಾಳಿಗೆ ಬೀಳದಂತೆ ಇಟ್ಟಿಗೆಗಳ ನಡುವೆ ಇಡಿ.

ನನ್ನ ಮಗಳು ಕೇಳಿದ ಪ್ರಶ್ನೆ ನಿಮ್ಮ ಮನೆಯಲ್ಲೂ ಬರುತ್ತದೆ: ‘ಅಗಲ ಬಾಯಿಯ ಡಬ್ಬ ಇಟ್ಟರೆ ಜಾಸ್ತಿ ಮಳೆ ತೋರಿಸಲ್ವಾ?’ ಉತ್ತರ ಹೇಳಿಬಿಡಬೇಡಿ. ಎರಡೂ ಬಗೆಯ ಡಬ್ಬ ಇಟ್ಟು ಒಂದು ರಾತ್ರಿ ಕಾಯಿರಿ. ಅಗಲದ ಡಬ್ಬದಲ್ಲಿ ನೀರು ಹೆಚ್ಚು ಬೀಳುತ್ತದೆ, ಹಾಗೆಯೇ ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತದೆ. ಎತ್ತರ ಮಾತ್ರ ಎರಡರಲ್ಲೂ ಒಂದೇ. ಬಕೆಟ್ಟಿನಂತೆ ಮೇಲೆ ಅಗಲವಾಗುತ್ತ ಹೋಗುವ ಪಾತ್ರೆಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅದನ್ನೂ ನೋಡಲಿ.

3. ತಾರಸಿಯ ಲೆಕ್ಕ

ಇಡೀ ಪ್ರಯೋಗದಲ್ಲಿ ನನಗೆ ಅತಿ ಇಷ್ಟವಾದ ಘಟ್ಟ ಇದು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ನಮ್ಮೂರ ಮಾಮೂಲಿ ‘ಥರ್ಟಿ ಫಾರ್ಟಿ’ ಸೈಟು ತೆಗೆದುಕೊಳ್ಳಿ. 30 ಅಡಿ ಎಂದರೆ 9.144 ಮೀಟರ್, 40 ಅಡಿ ಎಂದರೆ 12.192 ಮೀಟರ್. ಗುಣಿಸಿದರೆ ಸುಮಾರು 111.5 ಚದರ ಮೀಟರ್. ಅಷ್ಟೂ ಜಾಗ ತಾರಸಿಯೇ ಎಂದುಕೊಂಡರೆ, 10 ಮಿ.ಮೀ. ಮಳೆಗೆ 1,115 ಲೀಟರ್! ಮೇಲಿರುವ ಸಾವಿರ ಲೀಟರಿನ ಟ್ಯಾಂಕು ತುಂಬಿ ಹೊರಚೆಲ್ಲುವಷ್ಟು. ನೆನೆದು, ಆವಿಯಾಗಿ ಹೋಗುವುದನ್ನು ಬಿಟ್ಟು ಶೇ 80ರಷ್ಟು ಕೈಗೆ ಸಿಕ್ಕಿತು ಎಂದಿಟ್ಟುಕೊಂಡರೂ 892 ಲೀಟರ್. ದಶಮಾಂಶದ ಗುಣಾಕಾರ, ಅಳತೆಯ ಪರಿವರ್ತನೆ, ಶೇಕಡಾ, ಘನಫಲ ಎಲ್ಲವೂ ಒಂದೇ ತಾರಸಿಯ ಮೇಲೆ. ವಾರದ ಅಳತೆಗಳನ್ನು ಸ್ತಂಭಾಲೇಖ ಮಾಡಿಸಿದರೆ ದತ್ತಾಂಶದ ಅಧ್ಯಾಯವೂ ಮುಗಿದಂತೆ.

ಬೆಂಗಳೂರಿನಲ್ಲಿ ಇಷ್ಟು ಅಳತೆಯ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಸಂಗ್ರಹ ಕಡ್ಡಾಯ. ಈ ಕಾಯ್ದೆ ಯಾಕೆ ಬಂತು, ಯಾರು ಮಾಡಿದರು ಎಂದು ಕೇಳಿದರೆ ಪೌರನೀತಿ. ಹಳ್ಳಿಯಲ್ಲಿದ್ದರೆ ನಲ್ಲಿಯ ನೀರು ಬಿಡುವ ವಾಟರ್‌ಮ್ಯಾನ್‌ಗೆ ಸಂಬಳ ಕೊಡುವವರು ಯಾರು ಎಂದು ಪಂಚಾಯಿತಿಯಲ್ಲೇ ವಿಚಾರಿಸಿ ಬರಲಿ.

4. ಕಷ್ಟದ ಪದಗಳನ್ನು ಬಿಡಿಸಿ

ಕನ್ನಡ ಮಾಧ್ಯಮದ ಮಕ್ಕಳು ವಿಜ್ಞಾನದಲ್ಲಿ ಎಡವುವುದು ಬಹುಪಾಲು ಪರಿಕಲ್ಪನೆಗಲ್ಲ, ಪದಕ್ಕೆ. ‘ದ್ಯುತಿಸಂಶ್ಲೇಷಣೆ’ ಎಂದೊಡನೆ ಮುಖ ಬಾಡುತ್ತದೆ. ದ್ಯುತಿ ಅಂದರೆ ಬೆಳಕು, ಶ್ಲೇಷ ಅಂದರೆ ಅಂಟಿಕೊಳ್ಳುವುದು, ಕೂಡಿಕೊಳ್ಳುವುದು. ಬೆಳಕಿನ ನೆರವಿನಿಂದ ನೀರೂ ಇಂಗಾಲದ ಡೈಆಕ್ಸೈಡೂ ಎಲೆಯಲ್ಲಿ ಕೂಡಿಕೊಳ್ಳುತ್ತವೆ. ಒಂದೇ ಪದಕ್ಕೆ ಎರಡರ್ಥ ಅಂಟಿಕೊಂಡಿದ್ದರೆ ಕನ್ನಡ ಮೇಷ್ಟ್ರು ಶ್ಲೇಷೆ ಎನ್ನುತ್ತಾರೆ. ಆಗಸ್ಟಿನಲ್ಲಿ ಸುರಿಯುವ ಆಶ್ಲೇಷ ಮಳೆಯ ಹೆಸರಿನಲ್ಲೂ ಇದೇ ಬೇರು.

ಮಳೆ ನಕ್ಷತ್ರಗಳನ್ನು ಅಜ್ಜಿಯಿಂದಲೇ ಬರೆಸಿಕೊಳ್ಳಲಿ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ನಕ್ಷತ್ರ 27, ವರ್ಷಕ್ಕೆ 365 ದಿನ. ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದು ಪರೀಕ್ಷೆಯಲ್ಲಿ ಗಾದೆ ವಿಸ್ತರಣೆಗೂ ಒದಗೀತು. ಬಾಟಲಿಯ ಅಳತೆಯನ್ನು ದಿನಕ್ಕೊಂದು ಇಂಗ್ಲಿಷ್ ವಾಕ್ಯದಲ್ಲಿ ಬರೆದರೆ ಭೂತಕಾಲ ತಾನಾಗಿ ರೂಢಿಯಾಗುತ್ತದೆ. ಹಿಂದಿಯನ್ನು ಇಲ್ಲಿ ಎಳೆದು ತರಬೇಕಾಗಿಲ್ಲ. ಎಲ್ಲಕ್ಕೂ ಎಲ್ಲವನ್ನೂ ಜೋಡಿಸುವ ಹಟ ಬೇಡ.

5. ನಕಾಶೆ ಹರಡಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ, ಚಳ್ಳಕೆರೆ ಕಡೆ 500ರ ಆಸುಪಾಸು. ಒಂದೇ ರಾಜ್ಯ, ನಡುವೆ ಇನ್ನೂರು ಕಿಲೋಮೀಟರಿನಷ್ಟು ದೂರ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತುತ್ತ ತಣಿದು ಮಳೆಯಾಗುತ್ತದೆ. ಘಟ್ಟದಾಚೆಗೆ ಇಳಿಯುವಾಗ ಒಣಗಿರುತ್ತದೆ. ಇದು ಭೂಗೋಳವೋ ವಿಜ್ಞಾನವೋ ಎಂದು ಮಗು ಕೇಳಿದರೆ ನಕ್ಕು ಸುಮ್ಮನಿರಿ. ಏಳನೇ ತರಗತಿಯವರು ವಿಜಯನಗರದ ಪಾಠಕ್ಕೆ ಬಂದಾಗ, ಮಳೆ ಕಡಿಮೆಯಿರುವ ಹಂಪಿಯಲ್ಲಿ ಕಲ್ಲಿನ ಕಾಲುವೆ, ಪುಷ್ಕರಣಿಗಳು ಅಷ್ಟೊಂದು ಏಕೆ ಎಂಬುದಕ್ಕೆ ಉತ್ತರ ತಾವೇ ಕಂಡುಕೊಳ್ಳುತ್ತಾರೆ.

6. ಬೆಳಿಗ್ಗೆ ಎಂಟೂವರೆಗೆ ಬರೆದಿಡಿ

ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಮಗುವೂ ಶಾಲೆಗೆ ಹೊರಡುವ ಮುನ್ನ ಅದೇ ಹೊತ್ತಿಗೆ ನೋಡಿ, ಬರೆದು, ನೀರನ್ನು ಸೊನ್ನೆ ಗೆರೆಗೆ ಇಳಿಸಲಿ. ತಿಂಗಳ ಕೊನೆಗೆ ಈ ಪುಸ್ತಕವನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಒಪ್ಪುತ್ತೀರಾ ಎಂದು ಮೇಷ್ಟ್ರನ್ನು ಕೇಳಿ ನೋಡಿ. ಅಂಗಡಿಯಿಂದ ತಂದ ಚಾರ್ಟು ಅಂಟಿಸುವುದಕ್ಕಿಂತ ಅವರಿಗೂ ಇದು ಹಿಡಿಸೀತು. ಮರುದಿನ ಪತ್ರಿಕೆಯಲ್ಲಿ ನಿಮ್ಮೂರಿನ ಮಳೆ 23 ಮಿ.ಮೀ. ಎಂದಿದ್ದು ನಿಮ್ಮ ಬಾಟಲಿ 17 ತೋರಿಸಿದರೆ ತಿದ್ದಿ ಬರೆಯಲು ಬಿಡಬೇಡಿ. ಯಾಕಿರಬಹುದು ಎಂದು ಪಕ್ಕದಲ್ಲೇ ಬರೆಯಲಿ, ಪೆನ್ನಿನಲ್ಲಿ.