ಮೂಲೆಗೆ ಬಿದ್ದ ಹುಲ್ಲು ಹೆರೆಯುವ ಯಂತ್ರ: ಅದನ್ನು ಮರಳಿ ನಡೆಯಿಸುವ ಕ್ರಮ

ಮಳೆ ಹಿಡಿದ ಮೇಲೆ ಅಡಿಕೆ ತೋಟದಲ್ಲಿ ಹುಲ್ಲು ಬೆಳೆಯುವ ವೇಗವನ್ನು ನಮ್ಮ ಕಾಸರಗೋಡು ಸೀಮೆಯ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಕತ್ತಿ ಹಿಡಿದು ಹುಲ್ಲು ಹೆರೆಯುವ ಆಳುಗಳು ದೊರೆಯುವುದು ಕಷ್ಟವಾದುದರಿಂದ ಪೆಟ್ರೋಲಿನಿಂದ ನಡೆಯುವ ಯಂತ್ರವು ಹಳ್ಳಿಹಳ್ಳಿಗೂ ಬಂದಿದೆ. ನೆರೆಯ ಮಲೆಯಾಳದವರು ಕಾಡುವೆಟ್ಟು ಯಂತ್ರವೆಂದು ಕರೆಯುವುದು ಇದನ್ನೇ. ಆದರೆ ಯಂತ್ರವು ಬಂದಷ್ಟು ಬೇಗನೆ ಅದರ ತಿಳಿವಳಿಕೆ ಬರಲಿಲ್ಲ. ನಾಲ್ಕು ಮಳೆಗಾಲ ನಡೆದು ಒಂದು ದಿನ ಹಟ ಹಿಡಿದ ಯಂತ್ರವು ಹಟ್ಟಿಯ ಮೂಲೆ ಸೇರುತ್ತದೆ, ಹೊಸತಕ್ಕೆ ಸಾಲವಾಗುತ್ತದೆ. ಮೂಲೆ ಸೇರಿದ ಯಂತ್ರಗಳಲ್ಲಿ ಹಲವು ಸತ್ತಿರುವುದಿಲ್ಲ, ಉಪವಾಸವಿರುತ್ತವೆ ಅಷ್ಟೆ. ಹಣ ಕೊಟ್ಟು ಏನನ್ನಾದರೂ ತರುವ ಮುನ್ನ ಕ್ರಮವಾಗಿ ಪರೀಕ್ಷಿಸಿದರೆ ಸತ್ತದ್ದು ಯಾವುದು, ಹಸಿದದ್ದು ಯಾವುದು ಎಂಬುದು ತಿಳಿಯುತ್ತದೆ. ಆ ಕ್ರಮವೇ ಇಂದಿನ ಪಾಠ.

ಎಂಜಿನು ಕೇಳುವ ನಾಲ್ಕು ವಸ್ತುಗಳು

ಅಡಿಗೆಮನೆಯ ಒಲೆಯನ್ನು ನೆನೆಯಿರಿ. ಅದು ಉರಿಯಬೇಕಾದರೆ ಸೌದೆ ಬೇಕು, ಕಿಡಿ ಬೇಕು, ಗಾಳಿ ಬೇಕು. ಹೊಗೆ ಹೋಗಲು ದಾರಿಯಿಲ್ಲದಿದ್ದರೂ ಒಲೆ ಉರಿಯದು. ಎಂಜಿನಿಗೆ ಇವುಗಳ ಜತೆಗೆ ಇನ್ನೊಂದು ಬೇಕು. ಅದೇ ಒತ್ತಡ. ಪಿಸ್ಟನ್ನು ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿದಾಗಲೇ ಕಿಡಿಯು ಫಲಿಸುವುದು. ಆದುದರಿಂದ ಒತ್ತಡ, ಕಿಡಿ, ಇಂಧನ, ಉಸಿರು ಎಂಬ ಈ ನಾಲ್ಕನ್ನು ಇದೇ ಸಾಲಿನಲ್ಲಿ ಪರೀಕ್ಷಿಸತಕ್ಕದ್ದು. ಒತ್ತಡವು ಮೊದಲು ಯಾಕೆಂದರೆ, ಅದೊಂದು ಹೋಗಿದ್ದರೆ ಉಳಿದವುಗಳ ಮೇಲೆ ಸುರಿದ ಹಣವೆಲ್ಲ ವ್ಯರ್ಥ.

ಕೈ ಹಾಕುವ ಮುನ್ನ ಪ್ಲಗ್ಗಿನ ಟೋಪಿಯನ್ನು ಕಳಚಿ ದೂರ ಸರಿಸಿರಿ. ಹಳೆಯ ಪೆಟ್ರೋಲನ್ನು ಡಬ್ಬಿಗೆ ಸುರಿದು, ಮುಚ್ಚಿ, ದೂರ ಇಡಿರಿ. ಬೀಡಿ, ದೀಪ, ಒಲೆ ಸಮೀಪದಲ್ಲಿರಕೂಡದು.

ಒತ್ತಡದ ಪರೀಕ್ಷೆ

ಪ್ಲಗ್ಗನ್ನು ಅದರ ಸ್ಥಾನದಲ್ಲಿಯೇ ಬಿಗಿದಿಟ್ಟು ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಕೈಗೆ ಒಮ್ಮೆ ಬಿಗಿ, ಒಮ್ಮೆ ಸಡಿಲವೆಂದು ತೋರಬೇಕು. ಬಾವಿಯ ರಾಟೆಯ ಹಗ್ಗದಂತೆ ಒಂದೇ ಸಮನೆ ಜಾರಿ ಬಂದರೆ ಒತ್ತಡವಿಲ್ಲವೆಂದು ತಿಳಿಯಬೇಕು. ಅನಂತರ ಸೈಲೆನ್ಸರನ್ನು ಬಿಚ್ಚಿ, ಹೊಗೆ ಹೊರಡುವ ಕಿಂಡಿಯಿಂದ ಟಾರ್ಚು ಹಾಕಿ ಪಿಸ್ಟನ್ನಿನ ಮೈಯನ್ನು ನೋಡಿರಿ. ಮೈ ನಯವಾಗಿದ್ದರೆ ಶುಭ. ಮೇಲಿನಿಂದ ಕೆಳಕ್ಕೆ ಆಳವಾದ ಗೀರುಗಳಿದ್ದರೆ ಆ ಎಂಜಿನು ಎಣ್ಣೆಯಿಲ್ಲದೆ ಓಡಿ ಬೆಂದಿದೆ. ಅದಕ್ಕೆ ಸಿಲಿಂಡರು ಮತ್ತು ಪಿಸ್ಟನ್ನು ಎರಡೂ ಹೊಸತು ಬೇಕು. ಆ ಖರ್ಚನ್ನು ವಿಚಾರಿಸದೆ ಮುಂದುವರಿಯುವುದು ಜಾಣತನವಲ್ಲ.

ಸೈಲೆನ್ಸರು ಬಿಚ್ಚಿರುವಾಗಲೇ ಅದರೊಳಗನ್ನೂ ನೋಡಿಬಿಡಿರಿ. ಮಸಿ ಕಟ್ಟಿರಬಹುದು, ಕುಂಬಾರ ಹುಳವು ಮಣ್ಣಿನ ಗೂಡು ಕಟ್ಟಿರಬಹುದು. ಹೊರಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಳಿಗೆ ಇದ್ದರೆ ಅದನ್ನೂ ಉಜ್ಜಿ ತೆಗೆಯಬೇಕು. ಕಿಂಡಿಯ ಮಸಿಯನ್ನು ಕೆರೆಯುವಾಗ ಪಿಸ್ಟನ್ನು ಕಿಂಡಿಗೆ ಅಡ್ಡವಾಗಿ ನಿಲ್ಲುವಂತೆ ಹಗ್ಗವನ್ನು ಎಳೆದಿಟ್ಟು, ಬಿದಿರಿನ ಕಡ್ಡಿಯಿಂದಲೇ ಕೆರೆಯತಕ್ಕದ್ದು. ಕಬ್ಬಿಣ ತಾಗಿದರೆ ಪಿಸ್ಟನ್ನಿಗೆ ಗಾಯವಾಗುವುದು.

ಕಿಡಿಯ ಪರೀಕ್ಷೆ

ಪ್ಲಗ್ಗನ್ನು ಬಿಚ್ಚಿ, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ತುದಿಯ ಅಂತರವನ್ನು 0.6 ಮಿಲಿಮೀಟರಿಗೆ ತನ್ನಿರಿ. ಟೋಪಿ ಹಾಕಿ, ಪ್ಲಗ್ಗಿನ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಹಿಡಿದು, ಸ್ವಿಚ್ಚನ್ನು ನಡೆಯುವ ಸ್ಥಾನದಲ್ಲಿಟ್ಟು, ನೆರಳಿನಲ್ಲಿ ಹಗ್ಗವನ್ನು ಜೋರಾಗಿ ಎಳೆಯಿರಿ. ನೀಲಿ ಕಿಡಿ ಚಿಟಿಲ್ಲೆಂದರೆ ಸಾಕು.

ಕಿಡಿ ಬಾರದಿದ್ದರೆ ಕೂಡಲೇ ಕಾಯಿಲು ಸುಟ್ಟಿತೆಂದು ತೀರ್ಮಾನಿಸಬೇಡಿರಿ. ಕಾಯಿಲಿನಿಂದ ಸ್ವಿಚ್ಚಿಗೆ ಹೋಗುವ ತೆಳುವಾದ ತಂತಿಯೊಂದಿದೆ. ಎಂಜಿನನ್ನು ನಿಲ್ಲಿಸುವ ತಂತಿ ಅದು. ಇಲಿ ಕಡಿದು ಅದರ ಹೊದಿಕೆ ಹರಿದರೆ, ಅದು ಲೋಹಕ್ಕೆ ತಾಗಿ ಎಂಜಿನು ಯಾವಾಗಲೂ ನಿಲ್ಲಿಸಿದಂತೆಯೇ ಇರುತ್ತದೆ. ಆ ತಂತಿಯನ್ನು ಕಾಯಿಲಿನಿಂದ ಕಳಚಿ ಮತ್ತೊಮ್ಮೆ ಪರೀಕ್ಷಿಸಿರಿ. ಕಿಡಿ ಬಂದರೆ ಮೊಳದುದ್ದ ತಂತಿಯಲ್ಲಿ ಕೆಲಸ ಮುಗಿಯಿತು. ಬಾರದಿದ್ದರೆ, ತಿರುಗುವ ಚಕ್ರದ ಅಯಸ್ಕಾಂತದ ಮೇಲಿನ ತುಕ್ಕನ್ನು ಉಜ್ಜಿ, ಕಾಯಿಲಿಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಎಂದರೆ ಸುಮಾರು 0.3 ಮಿಲಿಮೀಟರು, ಅಂತರವಿಟ್ಟು ಬಿಗಿಯಿರಿ. ಪ್ಲಗ್ಗನ್ನೂ ಬದಲಿಸಿ ನೋಡಿರಿ. ಇಷ್ಟಾದ ಮೇಲೂ ಕಿಡಿಯಿಲ್ಲದಿದ್ದರೆ ಮಾತ್ರ ಕಾಯಿಲನ್ನು ಕೊಳ್ಳುವ ಮಾತು.

ಇಂಧನದ ವಿಚಾರ

ರೋಗದ ಬೇರು ಹೆಚ್ಚಾಗಿ ಇಲ್ಲಿಯೇ ಇರುವುದು. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಎಂಬ ಮದ್ಯಸಾರ ಬೆರೆತಿರುತ್ತದೆ. ಮದ್ಯಸಾರವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಬರಗಾಲವಿಲ್ಲ. ನೀರು ಹೆಚ್ಚಾದಾಗ ಮದ್ಯಸಾರವೂ ನೀರೂ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಎಣ್ಣೆಯು ಪೆಟ್ರೋಲಿನೊಡನೆ ಮೇಲೆಯೇ ಉಳಿಯುತ್ತದೆ. ಟಾಂಕಿಯ ಹೀರುಕೊಳವೆ ಇರುವುದಾದರೋ ತಳದಲ್ಲಿ! ಹಾಗಾಗಿ ಎಂಜಿನು ಎಣ್ಣೆಯಿಲ್ಲದ ನೀರುಮದ್ದನ್ನು ಕುಡಿಯುತ್ತದೆ. ಪಿಸ್ಟನ್ನಿನ ಗೀರುಗಳಿಗೆ ಇದೂ ಒಂದು ಕಾರಣ. ಹಳೆಯ ಇಂಧನವನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಟ್ಟು ನೋಡಿರಿ. ಎರಡು ಪದರ ಕಂಡರೆ ಅದು ಎಂಜಿನಿಗೆ ಯೋಗ್ಯವಲ್ಲ. ಪದರ ಕಾಣದಿದ್ದರೂ ಎರಡು ತಿಂಗಳಿಗೆ ಮೀರಿದ್ದನ್ನು ಉಪಯೋಗಿಸದಿರುವುದು ಕ್ಷೇಮ.

ಇದರ ಎಂಜಿನು ಸಾಮಾನ್ಯವಾಗಿ ಎರಡು ಹೊಡೆತದ್ದು. ಇದರಲ್ಲಿ ಎಣ್ಣೆಗೆ ಬೇರೆ ಮನೆಯಿಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಎಲ್ಲ ಭಾಗಗಳನ್ನೂ ಕಾಪಾಡಬೇಕು. ಟಾಂಕಿಯ ಮುಚ್ಚಳದ ಮೇಲೆ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು; 40ಕ್ಕೆ 1 ಎಂದಿದ್ದರೆ 25; 25ಕ್ಕೆ 1 ಎಂದಿದ್ದರೆ 40. ಎರಡು ಹೊಡೆತದ ಎಂಜಿನಿನ ಎಣ್ಣೆಯನ್ನೇ ತಂದು, ಔಷಧಿ ಅಂಗಡಿಯ ಸಿರಿಂಜಿನಿಂದ ಅಳೆದು, ಬೇರೆ ಡಬ್ಬಿಯಲ್ಲಿ ಕಲಕಿ ಹಾಕಬೇಕು. ಎಣ್ಣೆಗೆ ಪ್ರತ್ಯೇಕ ಮುಚ್ಚಳವಿರುವ ಯಂತ್ರವು ನಾಲ್ಕು ಹೊಡೆತದ್ದು. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಕೂಡದು.

ಟಾಂಕಿಯೊಳಗಿನ ಕೊಳವೆಯನ್ನು ಕೊಕ್ಕೆಯಿಂದ ಹೊರಗೆಳೆದು ನೋಡಿರಿ. ತುದಿಯ ಸೋಸುಗ ಕಪ್ಪಾಗಿದ್ದರೆ ಬದಲಿಸಬೇಕು. ಕೊಳವೆ ಒರಟಾಗಿ ಬಿರಿದಿದ್ದರೂ, ಅಂಟಂಟಾಗಿದ್ದರೂ ಹೊಸತು ಹಾಕಬೇಕು. ಬಿರುಕಿನಿಂದ ಗಾಳಿ ಹೊಕ್ಕರೆ ಎಷ್ಟು ಎಳೆದರೂ ಪೆಟ್ರೋಲು ಮೇಲೇರದು.

ಮುಂದಿನದು ಕಾರ್ಬ್ಯುರೇಟರು. ಯಂತ್ರವನ್ನು ಹೇಗೆ ಓರೆಮಾಡಿದರೂ ನಡೆಯಬೇಕಾದುದರಿಂದ ಇದರಲ್ಲಿ ಬಹುಮಟ್ಟಿಗೆ ತೇಲುವ ಬುರುಡೆಯ ಬದಲು ತೆಳುವಾದ ಪೊರೆಗಳಿರುತ್ತವೆ. ಎಂಜಿನಿನ ಮಿಡಿತಕ್ಕೆ ಒಂದು ಪೊರೆ ಅದುರಿ ಪೆಟ್ರೋಲನ್ನು ಮೇಲೆತ್ತುತ್ತದೆ. ಇನ್ನೊಂದು ಬೇಕಾದಷ್ಟನ್ನೇ ಒಳಬಿಡುತ್ತದೆ. ಪೊರೆಯು ವೀಳ್ಯದೆಲೆಯಂತೆ ಮೆತ್ತಗೆ ಬಾಗಬೇಕು. ಒಣಗಿದ ಬಾಳೆಲೆಯಂತೆ ಗರಗರ ಎಂದರೆ ಬದಲಿಸತಕ್ಕದ್ದು. ಬಿಚ್ಚಿದ ಭಾಗಗಳನ್ನು ಒಂದು ತಟ್ಟೆಯಲ್ಲಿ ಬಿಚ್ಚಿದ ಸಾಲಿನಲ್ಲಿಯೇ ಇಡಿರಿ; ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಹೊಂದಿಸುವ ತಿರುಪುಗಳನ್ನು ತೆಗೆಯುವ ಮುನ್ನ, ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಳ್ಳಬೇಕು. ರಂಧ್ರಗಳನ್ನು ಕಾರ್ಬ್ಯುರೇಟರು ತೊಳೆಯುವ ದ್ರವದಿಂದ ಶುದ್ಧಮಾಡಿರಿ. ಉಕ್ಕಿನ ತಂತಿ ತೂರಿಸಿದರೆ ರಂಧ್ರ ಅಗಲವಾಗಿ ಅಳತೆಯೇ ಕೆಡುವುದು.

ಉಸಿರು

ಗಾಳಿ ಸೋಸುವ ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿರಿ. ಪುಡಿಪುಡಿಯಾಗಿದ್ದರೆ ಹೊಸತು ಹಾಕಿರಿ. ಅದಿಲ್ಲದೆ ಓಡಿಸುವುದು ಎಂಜಿನಿಗೆ ಮರಳು ತಿನ್ನಿಸಿದಂತೆ. ಸಿಲಿಂಡರಿನ ರೆಕ್ಕೆಗಳ ನಡುವೆ ಅಂಟಿದ ಹುಲ್ಲನ್ನೂ ಕೆದಕಿ ತೆಗೆಯಬೇಕು.

ಚಾಲನೆ

ಎಲ್ಲವನ್ನೂ ಜೋಡಿಸಿ, ಹೊಸ ಮಿಶ್ರಣ ತುಂಬಿ, ರಬ್ಬರಿನ ಗುಂಡಿಯಿದ್ದರೆ ಅದು ಪೆಟ್ರೋಲಿನಿಂದ ತುಂಬುವವರೆಗೆ ಒತ್ತಿರಿ. ಚೋಕ್ ಮುಚ್ಚಿ ಹಗ್ಗ ಎಳೆಯಿರಿ. ಒಮ್ಮೆ ಕೆಮ್ಮಿದ ಕೂಡಲೇ ಚೋಕ್ ತೆರೆದು ಮತ್ತೆ ಎಳೆಯಿರಿ. ಕೆಮ್ಮಿದ ಮೇಲೂ ಚೋಕ್ ಮುಚ್ಚಿಯೇ ಎಳೆಯುತ್ತಿದ್ದರೆ ಪ್ಲಗ್ಗು ನೆನೆದು ಎಂಜಿನು ಮುಳುಗುತ್ತದೆ. ಆಗ ಪ್ಲಗ್ಗನ್ನು ತೆಗೆದು ಒರೆಸಿ, ಸ್ವಿಚ್ಚು ಆರಿಸಿ, ಚೋಕ್ ತೆರೆದು ಹತ್ತು ಸಲ ಎಳೆದು, ಅನಂತರ ಪುನಃ ಆರಂಭಿಸಬೇಕು.

ಹುಲ್ಲು ಕತ್ತರಿಸುವ ತುದಿ

ನೈಲಾನಿನ ದಾರದಿಂದ ಹುಲ್ಲು ಹೆರೆಯುವ ಯಂತ್ರವನ್ನು 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬವರು ಕಂಡುಹಿಡಿದರು. ಕಾರು ತೊಳೆಯುವ ಯಂತ್ರದ ತಿರುಗುವ ಕೂದಲುಗಳನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತು. ದಾರವು ಹರಿತದಿಂದಲ್ಲ, ವೇಗದಿಂದ ಕತ್ತರಿಸುತ್ತದೆ. ಆದುದರಿಂದ ದಾರವನ್ನು ಹೆಚ್ಚು ಉದ್ದ ಬಿಡಬಾರದು. ತಡೆಮರೆಯನ್ನು ಕಳಚಿದರೆ ದಾರ ಉದ್ದವಾಗಿ, ವೇಗ ಕುಗ್ಗಿ, ಎಂಜಿನು ತಿಣುಕಿ ಕಾಯುತ್ತದೆ. ಕಲ್ಲು ಕಾಲಿಗೆ ಬಡಿಯುವುದು ಬೇರೆ. ದಾರದ ಬದಲು ಉಕ್ಕಿನ ತಂತಿಯನ್ನು ಎಂದಿಗೂ ಕಟ್ಟಕೂಡದು. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ. ಒಣಗಿ ಪೆಳಸಾದ ದಾರವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಮತ್ತೆ ಬಾಗುವ ಗುಣ ಬರುವುದು. ತುದಿಯ ಹಲ್ಲುಚಕ್ರದ ಪೆಟ್ಟಿಗೆಗೆ ಪಕ್ಕದ ತಿರುಪು ಬಿಚ್ಚಿ ಗ್ರೀಸು ತುಂಬಲು ಮರೆಯಬೇಡಿರಿ.

ನಮ್ಮ ತೋಟಗಳಲ್ಲಿ ಅಡಿಕೆ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹತ್ತು ವರ್ಷದ ಬಳ್ಳಿಯ ಬುಡವನ್ನು ಈ ದಾರ ಕ್ಷಣಮಾತ್ರದಲ್ಲಿ ತರಿದುಬಿಡುತ್ತದೆ. ಬುಡದಿಂದ ಒಂದು ಮೊಳ ಬಿಟ್ಟು ಯಂತ್ರ ನಡೆಸಿ, ಉಳಿದುದನ್ನು ಕತ್ತಿಯಿಂದಲೇ ಹೆರೆಯಿರಿ. ನೀರಿನ ಕಪ್ಪು ಪೈಪುಗಳನ್ನೂ ಮೊದಲೇ ಸರಿಸಿರಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಮಕ್ಕಳೂ ದನಕರುಗಳೂ 15 ಮೀಟರು ದೂರವಿರಲಿ.

ಲಕ್ಷಣ ಮತ್ತು ಕಾರಣ

1. ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ: ಟಾಂಕಿಯ ಮುಚ್ಚಳದ ಗಾಳಿರಂಧ್ರ ಕಟ್ಟಿದೆ.
2. ನಿಧಾನವಾಗಿ ಓಡುತ್ತದೆ, ವೇಗ ಕೊಟ್ಟರೆ ಸಾಯುತ್ತದೆ: ಸೋಸುಗ ಅಥವಾ ಕಾರ್ಬ್ಯುರೇಟರು ಕಟ್ಟಿದೆ.
3. ಓಡುತ್ತದೆ, ಬಲವಿಲ್ಲ: ಸೈಲೆನ್ಸರಿನಲ್ಲಿ ಮಸಿ, ಅಥವಾ ಗಾಳಿಯ ಸ್ಪಂಜಿನಲ್ಲಿ ಕೊಳೆ.
4. ಕೈಬಿಟ್ಟರೂ ದಾರ ತಿರುಗುತ್ತದೆ: ನಿಧಾನಗತಿಯ ತಿರುಪು ಹೆಚ್ಚಾಗಿದೆ, ಅಥವಾ ಕ್ಲಚ್ಚಿನ ಸ್ಪ್ರಿಂಗು ಮುರಿದಿದೆ.
5. ತಾನಾಗಿಯೇ ವೇಗ ಏರಿ ಕೀರಲು ಸ್ವರ ಹೊರಡುತ್ತದೆ: ಎಲ್ಲಿಯೋ ಗಾಳಿ ಸೋರುತ್ತಿದೆ. ತಕ್ಷಣ ನಿಲ್ಲಿಸಿ ತಿಳಿದ ಮೆಕ್ಯಾನಿಕರಿಗೆ ತೋರಿಸಬೇಕು.

ಮಳೆಗಾಲದ ಕೆಲಸ ತೀರಿದ ಮೇಲೆ ಟಾಂಕಿಯನ್ನು ಬರಿದುಮಾಡಿ, ಎಂಜಿನನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಬಿಡಿರಿ. ತಣಿದ ಬಳಿಕ ಪ್ಲಗ್ಗಿನ ರಂಧ್ರಕ್ಕೆ ಒಂದು ಚಮಚೆ ಎಣ್ಣೆ ಹಾಕಿ, ಹಗ್ಗವನ್ನು ಎರಡು ಸಲ ನಿಧಾನವಾಗಿ ಎಳೆದು, ಪ್ಲಗ್ಗು ಬಿಗಿದು, ಇಲಿ ಮುಟ್ಟದಂತೆ ತೂಗುಹಾಕಿರಿ. ಅರ್ಧ ಗಂಟೆಯ ಈ ಕೆಲಸವನ್ನು ಮಾಡಿದ ಮನೆಯಲ್ಲಿ ಮುಂದಿನ ಜೂನ್ ತಿಂಗಳಲ್ಲಿ ಮೇಲೆ ಹೇಳಿದ ಪರೀಕ್ಷೆಗಳ ಪೈಕಿ ಹೆಚ್ಚಿನವುಗಳ ಅಗತ್ಯವೇ ಬೀಳದು.