ಬೆಳಕಿನ ಕೊಳವೆ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಪೇಟೆಯ ಹಳೆಯ ಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಕಟ್ಟಡಗಳ ಎರಡೂ ಪಕ್ಕದಲ್ಲಿ ನೆರೆಯವರ ಗೋಡೆಗಳೇ ಇರುತ್ತವೆ. ಇಪ್ಪತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ ಇಂತಹ ನಿವೇಶನದಲ್ಲಿ ನಡುಮನೆಗೆ ಕಿಟಕಿ ಇಡಲು ಸ್ಥಳವೇ ದೊರೆಯದು. ಹಗಲು ಹನ್ನೆರಡು ಗಂಟೆಗೂ ಅಲ್ಲಿ ದೀಪ ಉರಿಯಬೇಕು. ಹಿಂದಿನವರು ಇದಕ್ಕಾಗಿ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು, ಹಂಚಿನ ಮನೆಗೆ ಒಂದೆರಡು ಗಾಜಿನ ಹಂಚು ಹೊದಿಸುತ್ತಿದ್ದರು, ಅನುಕೂಲಸ್ಥರು ತೊಟ್ಟಿ ಕಟ್ಟಿಸುತ್ತಿದ್ದರು. ಆರ್‌ಸಿಸಿ ಚಾವಣಿ ಬಂದ ಮೇಲೆ ಈ ಮೂರೂ ವಿರಳವಾದವು. ಆ ಕೊರತೆಯನ್ನು ತುಂಬುವ ಸಾಧನಗಳಲ್ಲಿ ಟ್ಯೂಬ್ಯುಲಾರ್ ಸ್ಕೈಲೈಟ್, ಅಂದರೆ ಬೆಳಕಿನ ಕೊಳವೆ, ಒಂದು.

ಇದರ ರಚನೆ ಸರಳವಾದುದು. ತಾರಸಿಯ ಮೇಲೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟಿನ ಪಾರದರ್ಶಕ ಗುಮ್ಮಟ. ಅದರ ಕೆಳಗೆ ಒಳಮೈ ಕನ್ನಡಿಯಂತೆ ಹೊಳೆಯುವ ಲೋಹದ ಕೊಳವೆ. ಕೋಣೆಯ ಒಳಚಾವಣಿಯಲ್ಲಿ ಬೆಳಕನ್ನು ಹರಡುವ ಮಸುಕು ಫಲಕ. ಗ್ರಾಹಕರು ಸಾಮಾನ್ಯವಾಗಿ ಗುಮ್ಮಟವನ್ನು ನೋಡಿ ಬೆಲೆ ಕಟ್ಟುತ್ತಾರೆ. ಬೆಲೆ ಇರಬೇಕಾದುದು ಕೊಳವೆಯ ಒಳಮೈಗೆ.

ಕಾರಣವಿಷ್ಟೆ. ಸೂರ್ಯನು 45 ಡಿಗ್ರಿ ಎತ್ತರದಲ್ಲಿರುವಾಗ ಬೆಳಕಿನ ಕಿರಣವು ಕೊಳವೆಯೊಳಗೆ ಎಷ್ಟು ಸಲ ಗೋಡೆಗೆ ಬಡಿಯುತ್ತದೆ ಎಂಬುದನ್ನು ಕೊಳವೆಯ ಉದ್ದವನ್ನು ವ್ಯಾಸದಿಂದ ಭಾಗಿಸಿ ಅಂದಾಜು ಮಾಡಬಹುದು. ಪ್ರತಿ ಬಡಿತಕ್ಕೂ ಸ್ವಲ್ಪ ಬೆಳಕು ನಷ್ಟವಾಗುತ್ತದೆ. ಉತ್ತಮ ಲೇಪನದ ಕೊಳವೆಯು ಬಿದ್ದ ಬೆಳಕಿನ ಶೇ. 98ನ್ನು ಹಿಂದಿರುಗಿಸಿದರೆ, ಪಾಲಿಷ್ ಮಾಡಿದ ಸಾದಾ ಅಲ್ಯೂಮಿನಿಯಂ ಸುಮಾರು ಶೇ. 85ನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಥಳಥಳಿಸುವ ಸ್ಟೇನ್‌ಲೆಸ್ ಸ್ಟೀಲ್ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚನ್ನು ನುಂಗಿಬಿಡುತ್ತದೆ.

ಮೇಲಂತಸ್ತಿನ ಕೋಣೆಗೆ ಅರ್ಧ ಮೀಟರ್ ಉದ್ದ, 25 ಸೆಂಟಿಮೀಟರ್ ವ್ಯಾಸದ ಕೊಳವೆ ಸಾಕು. ಅಲ್ಲಿ ಎರಡೇ ಬಡಿತ. ಶೇ. 98ರ ಕೊಳವೆಯಲ್ಲಿ ಬೆಳಕಿನ ಶೇ. 96 ಉಳಿದರೆ, ಶೇ. 85ರ ಕೊಳವೆಯಲ್ಲಿ ಶೇ. 72 ಉಳಿಯುತ್ತದೆ. ವ್ಯತ್ಯಾಸ ಸಹಿಸಬಹುದಾದುದು, ಕಡಿಮೆ ಬೆಲೆಯ ಮಾಲೂ ನಡೆಯುತ್ತದೆ. ಅದೇ ಕೊಳವೆ ಒಂದು ಅಂತಸ್ತನ್ನು ದಾಟಿ ಮೂರೂವರೆ ಮೀಟರ್ ಇಳಿಯಬೇಕಾದರೆ ಬಡಿತಗಳು ಹದಿನಾಲ್ಕು. ಆಗ ಮೊದಲನೆಯದರಲ್ಲಿ ಶೇ. 75 ಉಳಿಯುತ್ತದೆ, ಎರಡನೆಯದರಲ್ಲಿ ಶೇ. 10 ಮಾತ್ರ. ಸ್ಟೀಲಿನ ಕೊಳವೆಯಾದರೆ ಕೆಳಗೆ ಕತ್ತಲೆಯೇ ಸರಿ. ವ್ಯಾಸವನ್ನು 35 ಸೆಂಟಿಮೀಟರಿಗೆ ಏರಿಸಿದರೆ ಬಡಿತ ಹತ್ತಕ್ಕೆ ಇಳಿಯುವುದಲ್ಲದೆ ಬಾಯಿಯ ವಿಸ್ತೀರ್ಣವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಾಗಿಸಬಹುದಾದ ಸುಕ್ಕು ಕೊಳವೆ ಜೋಡಿಸಲು ಸುಲಭವಾದರೂ ಸುಕ್ಕುಸುಕ್ಕಿಗೂ ಬೆಳಕು ಚದರುವುದರಿಂದ ದೂರದ ದಾರಿಗೆ ಅದು ಸಲ್ಲದು.

ಆದುದರಿಂದ ಮಾರಾಟಗಾರನನ್ನು ಕೇಳುವ ಮೊದಲು ಮನೆಯ ಯಜಮಾನ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮುಂದೆ ಮೇಲೊಂದು ಅಂತಸ್ತು ಏಳುವುದೇ? ಕಂಬಗಳ ನೆತ್ತಿಯಲ್ಲಿ ಸರಳುಗಳನ್ನು ಹಾಗೆಯೇ ನಿಲ್ಲಿಸಿಟ್ಟಿರುವ ತಾರಸಿಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಅಂತಹ ಮನೆಯಲ್ಲಿ ಇಂದು ಅರ್ಧ ಮೀಟರಿನ ಲೆಕ್ಕದಲ್ಲಿ ಕೊಂಡ ಅಗ್ಗದ ಕೊಳವೆ, ನಾಳೆ ಮಗನ ಮದುವೆಗೆ ಮೇಲ್ಮನೆ ಕಟ್ಟಿಸಿದಾಗ ನಿರುಪಯೋಗಿಯಾಗುತ್ತದೆ. ಅಂತಸ್ತು ಏರುವುದು ಖಚಿತವಾದರೆ, ಮೇಲಿನ ಕೋಣೆಯ ಕಪಾಟಿನ ಮೂಲೆಯೋ ಮೆಟ್ಟಿಲ ಪಕ್ಕವೋ ಬರುವ ನೇರಕ್ಕೆ ರಂಧ್ರವನ್ನು ಆರಿಸಿ, ಮೊದಲೇ ಉತ್ತಮ ಲೇಪನದ ಅಗಲ ಕೊಳವೆಯನ್ನು ಕೊಳ್ಳುವುದು ಲೇಸು. ಪಕ್ಕದ ಮನೆಯವರ ಅಂತಸ್ತು, ತಮ್ಮದೇ ನೀರಿನ ಟ್ಯಾಂಕು, ಸೋಲಾರ್ ಹೀಟರುಗಳ ನೆರಳನ್ನೂ ಗಮನಿಸಬೇಕು.

ಕಡಿಮೆ ಎತ್ತರದ ಬಿಸಿಲನ್ನು ಹಿಡಿಯಲು ಮಸೂರ, ಪ್ರತಿಫಲಕಗಳನ್ನು ಅಳವಡಿಸಿದ ದುಬಾರಿ ಗುಮ್ಮಟಗಳಿಗೆ ಮಾತ್ರ ಇಲ್ಲಿ ಹಣ ಸುರಿಯಬೇಕಾಗಿಲ್ಲ. ಡಿಸೆಂಬರ್ ಉತ್ತರಾರ್ಧದ ನಡುಹಗಲಲ್ಲಿ ಲಂಡನ್ನಿನ ಸೂರ್ಯ ಸುಮಾರು 15 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಸುಮಾರು 53 ಡಿಗ್ರಿಯಲ್ಲಿರುತ್ತಾನೆ. ನಮಗೆ ಸಾದಾ ಗುಮ್ಮಟವೇ ಸಾಕು.

ಇನ್ನು ಹಣದ ಮಾತು. ಬಿರುಬಿಸಿಲಿನಲ್ಲಿ ತಾರಸಿಯ ಮೇಲೆ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ. 25 ಸೆಂಟಿಮೀಟರಿನ ಕೊಳವೆಯ ಬಾಯಿಗೆ ಅದರಲ್ಲಿ 4,900 ಲ್ಯೂಮೆನ್ ಬಿದ್ದು, ಅರ್ಧ ಕೆಳಗಿಳಿದರೂ 20 ವ್ಯಾಟಿನ ಎಲ್‌ಇಡಿ ಟ್ಯೂಬಿಗೆ ಕಡಿಮೆಯಿಲ್ಲ. ದಟ್ಟ ಮೋಡದ ದಿನ ಇದು ಹತ್ತನೆಯ ಒಂದು ಭಾಗಕ್ಕೆ ಇಳಿದು, 5 ವ್ಯಾಟಿನ ಬಲ್ಬನ್ನೂ ಸರಿಗಟ್ಟದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ದೀಪ ತಪ್ಪದು. ಉಳಿತಾಯವನ್ನು ನೋಡಿ: 20 ವ್ಯಾಟಿನ ಟ್ಯೂಬ್ ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಉರಿದರೆ 60 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ 420 ರೂಪಾಯಿ. ಜೋಡಣೆ ಸೇರಿ 15,000 ರೂಪಾಯಿ ವೆಚ್ಚವಾಯಿತೆಂದರೆ, ಕರೆಂಟಿನ ಬಿಲ್ಲಿನಿಂದ ಅಸಲು ಮರಳಲು 35 ವರ್ಷಕ್ಕೂ ಹೆಚ್ಚು ಬೇಕು! ನಾಲ್ಕೈದು ವರ್ಷಗಳಲ್ಲಿ ಹಣ ವಾಪಸಾಗುತ್ತದೆಂಬ ಮಾತನ್ನು ವ್ಯಾಪಾರ ಬಲ್ಲವರು ನಂಬಲಾಗದು.

ಲಾಭ ಬೇರೆಡೆಯಿದೆ. ಸೀರೆಯ ನಿಜವಾದ ಬಣ್ಣ ನೋಡಲು ಗಿರಾಕಿ ಅದನ್ನು ಹಿಡಿದು ಬೀದಿಯ ಬೆಳಕಿಗೆ ಬರುವುದನ್ನು ಜವಳಿ ವರ್ತಕರೆಲ್ಲ ಬಲ್ಲರು. ಮಳಿಗೆಯೊಳಗೇ ಹಗಲ ಬೆಳಕು ಬಿದ್ದರೆ ಆ ಓಡಾಟ ತಪ್ಪುತ್ತದೆ. ನಡುಮನೆಯಲ್ಲಿ ದಿನ ಕಳೆಯುವ ಹಿರಿಯರಿಗೆ ಹೊತ್ತು ಏರುವುದು, ಇಳಿಯುವುದು ತಿಳಿಯುತ್ತದೆ. ಕರೆಂಟು ಹೋದರೂ ಹಗಲಿನ ಕೆಲಸ ನಿಲ್ಲದು.

ಜೋಡಣೆಯಲ್ಲಿ ಎಚ್ಚರ ಅಗತ್ಯ. ಚಾವಣಿಯ ಸರಳುಗಳು ಸುಮಾರು 15 ಸೆಂಟಿಮೀಟರಿಗೊಂದರಂತೆ ಇದ್ದರೆ, 35 ಸೆಂಟಿಮೀಟರಿನ ರಂಧ್ರಕ್ಕೆ ಎರಡೂ ದಿಕ್ಕಿನಲ್ಲಿ ಎರಡು ಮೂರು ಸರಳುಗಳು ತುಂಡಾಗುತ್ತವೆ. ಎಂಜಿನಿಯರರನ್ನು ಕೇಳದೆ ಕೊರೆಸಬಾರದು, ತೊಲೆಯನ್ನಂತೂ ಮುಟ್ಟಲೇಬಾರದು. ಹೊಸ ಮನೆಯಾದರೆ ಕಾಂಕ್ರೀಟ್ ಹಾಕುವ ಮೊದಲೇ ಅಚ್ಚು ಇಟ್ಟು, ಸುತ್ತ ಹೆಚ್ಚುವರಿ ಸರಳು ಕೊಟ್ಟರೆ ಈ ತೊಂದರೆಯಿಲ್ಲ. ರಂಧ್ರದ ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ ನೀರು ಸೋರದಂತೆ ಲೇಪನ ಕೊಡಿಸಬೇಕು. ಕೋತಿಗಳ ಕಾಟವಿರುವಲ್ಲಿ, ತೆಂಗಿನ ಮರ ಬಾಗಿರುವಲ್ಲಿ ಪಾಲಿಕಾರ್ಬೊನೇಟಿನ ಗುಮ್ಮಟವೇ ಮೇಲು; ಆದರೆ ಅದು ಹಳದಿಯಾಗದಂತೆ ನೇರಳಾತೀತ ಕಿರಣ ತಡೆಯುವ ಲೇಪನ ಇದೆಯೇ ಎಂದು ಕೇಳಿ ತಿಳಿಯಬೇಕು. ಬೇಸಗೆಯ ಧೂಳು ಕೂತಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದಕ್ಕಾಗಿ ತಾರಸಿಗೆ ಹೋಗುವ ಮೆಟ್ಟಿಲಾದರೂ ಇರಬೇಕು.